ಮಾನಸ್ತಂಭದಷ್ಟು ಎತ್ತರ

ಪೂಜ್ಯ ಮಂಗಲಕ್ಕನಿಗೆ ಜಯ ಜಿನೇಂದ್ರ.

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ನಲವತ್ತಮೂರರ ನಿನ್ನ ತಮ್ಮ ವಿಮಾನದ ಬೆಲ್ಟನ್ನು ಯಾರ ಸಹಾಯವೂ ಇಲ್ಲದೆ ಬಿಗಿದುಕೊಂಡಿದ್ದಾನೆ. ಸೋಮವಾರ ಕಲಿಸುವ ಸಾಹೇಬರು ನನ್ನೊಬ್ಬನನ್ನೇ ವಿಮಾನ ಹಾರಿಸಲು ಬಿಡುತ್ತಾರೆ.

ಆದರೆ ಮೊನ್ನೆ ಶೇಡಬಾಳದ ಬಸದಿಯಲ್ಲಿ ಅವ್ವ ನನಗೆ ತಿರುಗಾಟಕ್ಕೆ ಮಿತಿ ಹಾಕುವ ದಿಗ್ವ್ರತ ಕೊಡಿಸಿದಳು. ನಾಲ್ಕೂ ದಿಕ್ಕಿಗೆ ಧಾರಾಳ. ಮೇಲಕ್ಕೆ ಮಾತ್ರ ಬಸದಿ ಮುಂದಿನ ಮಾನಸ್ತಂಭದಷ್ಟು! ತುಂಬಿದ ಸಭೆ, ಎದುರಿಗೆ ಮುನಿ ಮಹಾರಾಜರು. ಹೂಂ ಅಂದುಬಿಟ್ಟೆ. ಹಾರಿದರೆ ವ್ರತಭಂಗ, ಹಾರದಿದ್ದರೆ ಎರಡು ವರ್ಷದ ಕಲಿಕೆ ನೀರುಪಾಲು. ಮನೆಗೆ ಬಂದು ಜಗಳ ತೆಗೆದರೆ, "ನೀ ಮ್ಯಾಲ ಇದ್ದಷ್ಟು ಹೊತ್ತು ನನ್ನ ಉಸಿರು ಕೆಳಗ ಇಳಿಯೂದಿಲ್ಲೋ" ಅಂದಳು.

ಮಹಾರಾಜರು ಶುಕ್ರವಾರ ನಡೆದು ನಿಮ್ಮೂರು ಭೋಜಕ್ಕೆ ಬರುತ್ತಾರೆ. ಅವರ ಆಹಾರ ಮುಗಿದ ಮೇಲೆ ಮೆಲ್ಲಗೆ ಒಂದು ಸಾವಿರ ಅಡಿ ಕೇಳು. ಎಂಟುನೂರಾದರೂ ನಡೆಯುತ್ತದೆ.

ನಿನ್ನ ತಮ್ಮ,
ಅಭಿನಂದನ