ಎಡಚಿಯ ಗಿಟಾರು

ಅಕ್ಕಾ,

ನೀನು ತೀರಿಕೊಂಡ ಮೇಲೆ ನಿನ್ನ ಗಿಟಾರು ನನ್ನ ಪಾಲಿಗೆ ಬಂತು. ಐವತ್ತೊಂದನೆಯ ವಯಸ್ಸಿನಲ್ಲಿ ಸಂಗೀತಲೋಕವನ್ನು ಉದ್ಧರಿಸುವ ಭಾರವೂ ನನ್ನ ತಲೆಗೇ ಬಿತ್ತು. ಮೊದಲು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯಹೊರಟೆ. ಅದರಲ್ಲಿ ಮೇಲಿದ್ದ ತಂತಿ ನನ್ನದರಲ್ಲಿ ಕೆಳಗಿತ್ತು. ನೀನು ಎಡಚಿ, ತಂತಿಗಳನ್ನೆಲ್ಲ ತಿರುಗಿಸಿ ಕಟ್ಟಿಕೊಂಡಿದ್ದವಳು!

ಕೊನೆಗೆ ಗಿಟಾರು ಕ್ಲಾಸಿನ ಮೇಷ್ಟ್ರ ಬಳಿ ಹೋದೆ.

"ಹತ್ತು ನಿಮಿಷದ ಕೆಲಸ, ತಂತಿ ಬದಲಾಯಿಸಿಬಿಡೋಣ" ಎಂದರು.

"ಅಕ್ಕ ಕಟ್ಟಿದ್ದು ಹಾಗೇ ಇರ್ಲಿ ಸರ್. ನನ್ನನ್ನೇ ಬದಲಾಯಿಸಿ."

"ರೀ, ಎಡಗೈಲಿ ಕಲಿಯೋಕೆ ವರ್ಷ ಹಿಡಿಯುತ್ತೆ!"

"ಹಿಡೀಲಿ ಬಿಡಿ."

ಹಿಡಿಯಿತು. ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳ ಕೂದಲು ಕತ್ತರಿಸುವ ನನ್ನ ಬಲಗೈ, ಪದವಿ ಹೋದ ಮಂತ್ರಿಯಂತೆ ಮುನಿಸಿಕೊಂಡಿತು.

ಇವತ್ತು ಕ್ಲಾಸಿನ ಎಲ್ಲರ ಮುಂದೆ ಇಡೀ ಒಂದು ಹಾಡನ್ನು ಎಲ್ಲೂ ಮುಗ್ಗರಿಸದೆ ನುಡಿಸಿದೆ! ಮೇಷ್ಟ್ರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಸದಾಗಿ ಸೇರಿದ ನರ್ಸಮ್ಮ ಬಾಗಿ ಕೇಳಿದಳು: "ಅಂಕಲ್, ಎಡಗೈಲಿ ನುಡಿಸೋದು ಯಾರು ಹೇಳಿಕೊಟ್ರು?"

"ನಮ್ಮಕ್ಕ" ಎಂದೆ, ಎದೆಯುಬ್ಬಿಸಿ.

"ಬಾರೋ, ಹೇಳಿಕೊಡ್ತೀನಿ" ಎಂದು ನೀನು ಕರೆದಾಗಲೆಲ್ಲ ಅಂಗಡಿಯ ನೆಪ ಹೇಳಿ ತಪ್ಪಿಸಿಕೊಂಡದ್ದನ್ನು ಅವಳಿಗೆ ಹೇಳಲಿಲ್ಲ. ಚಪ್ಪಾಳೆ ಜೋರಾಗಿತ್ತು.