ಹೆಣ ಆಡಿದ ಮಾತು

ಇಸವಿ ಎರಡು ಸಾವಿರದ ನಾನೂರ ಹನ್ನೊಂದು, ಫೆಬ್ರುವರಿ ಇಪ್ಪತ್ತು. ಗದಗ, ಮೇಲಂತಸ್ತು.

ಮೊಬೈಲನ್ನು ಅಂಗೈಯಲ್ಲಿ ಹಿಡಿದು ಮೆರೆದ ಹಿರಿಯರೇ, ನಾಟಕ ಕಂಪನಿಯ ಮಾಲೀಕ ಶೇಖರಪ್ಪ ಗುಡಿಮನಿ ಅಡ್ಡಬಿದ್ದು ಬರೆಯುವ ಕಾಗದವಿದು. ನಮ್ಮ ಮಾತು ವಿಚಿತ್ರವೆನಿಸಿದರೆ ಮನ್ನಿಸಿರಿ. ಮಾತು ಬಾಯಿಂದ ನೇರ ಕಿವಿಗೆ ದಾಟುವುದು ನಿಂತು ಇಲ್ಲಿ ಎಂಟು ತಲೆಮಾರಾಯಿತು.

ಹುಟ್ಟಿದ ಹನ್ನೊಂದನೆಯ ದಿನ ನಮ್ಮ ಕಿವಿಯ ಹಿಂದೆ ಒಂದು ಬೀಜ ನೆಡುತ್ತಾರೆ, ನಿಮ್ಮ ಮೊಬೈಲಿನ ಮರಿಮಗು ಅದು. ಊರಿನ ಯಂತ್ರಗಳ ಗದ್ದಲದಲ್ಲಿ ಬರಿಗಿವಿಗೆ ಏನೂ ಕೇಳದು. ಅಜ್ಜಿಯ ಬೈಗುಳ, ಹಾಲಿನವನ ಕೂಗು, ಎಲ್ಲವೂ ಬೀಜದಿಂದ ಬೀಜಕ್ಕೇ. ಅದರ ನೆಟ್‌ವರ್ಕ್ ಜೋಡಣೆ, ನೀವು ಅಪ್‌ಡೇಟ್ ಎನ್ನುತ್ತಿದ್ದುದು, ವರ್ಷಕ್ಕೊಮ್ಮೆ ಗಾಳಿಯ ಮೇಲೆ ಇಳಿದುಬರುತ್ತದೆ. ಗಾಳಿಯಪ್ಪಣೆ ಎನ್ನುತ್ತೇವೆ. ಹೆಸರು ಹಿಡಿದು ಮೂರು ಸಲ ಕೇಳುತ್ತದೆ, ಒಪ್ಪಿಗೆಯೇ ಎಂದು. ಉತ್ತರ ಕೊಡದವರ ಹಳೆಯ ಜೋಡಣೆ ಅಲ್ಲೇ ಅಳಿಯುತ್ತದೆ, ಹೊಸದು ಎಂದೂ ಬರುವುದಿಲ್ಲ. ಆಮೇಲೆ ಅವರು ಆಡಿದ್ದು ಯಾರಿಗೂ ಕೇಳದು.

ನಮ್ಮ ಕಂಪನಿಯಲ್ಲೊಂದು ಕಟ್ಟಳೆ. ಮುಖಕ್ಕೆ ಬಣ್ಣ ಹಚ್ಚಿದವರು ಸ್ವಂತ ಹೆಸರಿಗೆ ಓಗೊಡಬಾರದು. ನನ್ನ ಹೆಂಡತಿ ನೀಲಗಂಗಾಳಿಗೆ ಇದನ್ನು ಕಲಿಸಿದವನು ನಾನೇ, ತಪ್ಪಿದಾಗ ಎಲ್ಲರೆದುರು ಮೊಣಕಾಲ ಮೇಲೆ ನಿಲ್ಲಿಸಿ.

ಒಂದು ಮಧ್ಯಾಹ್ನದ ಆಟದಲ್ಲಿ ನಾನು ಸತ್ತ ರಾಜ. ಅವಳು ರಾಣಿ, ನನ್ನ ತಲೆಯನ್ನು ತೊಡೆಯ ಮೇಲಿಟ್ಟು ಹಾಡಿಕೊಂಡು ಅಳುತ್ತಿದ್ದಳು. ಗಾಳಿಯಪ್ಪಣೆ ಆಗಲೇ ಬಂತು. ಸಭೆಯೆಲ್ಲ ಒಪ್ಪಿಗೆ ಎಂದು ಗೊಣಗಿತು. ಅವಳ ಕಿವಿಯಲ್ಲಿ ನೀಲಗಂಗಾ ಎಂದು ಕರೆ, ನನ್ನ ಕಿವಿಯಲ್ಲಿ ಶೇಖರಪ್ಪ ಎಂದು. ಅವಳು ರಾಣಿಯಾಗಿಯೇ ಉಳಿದಳು. ಮೂರನೆಯ ಕರೆಗೆ ಹೆಣ ತುಟಿಯಲುಗಿಸಿ ಒಪ್ಪಿಗೆ ಎಂದಿತು. ಅವಳು ಬಗ್ಗಿ ನನ್ನನ್ನೇ ನೋಡುತ್ತಿದ್ದಳು.

ಹಾಡು ಅರ್ಧಕ್ಕೇ ಕಡಿಯಿತು. ಬಾಯಿ ಆಡುತ್ತಿದೆ, ದನಿಯಿಲ್ಲ. ಮುಂದಿನ ಸಾಲಿನ ಮುದುಕನೊಬ್ಬ, ಏನ ಯವ್ವಾ ರಾಣಿ, ಗಂಡನ ಕೂಡ ದನಿನೂ ಸತ್ತೈತೇನ ಎಂದ. ಸಭೆ ಹೊಟ್ಟೆ ಹಿಡಿದು ನಕ್ಕಿತು. ನಾನು ಎದ್ದು ನಿಲ್ಲಬಹುದಿತ್ತು. ಹೆಣ ಏಳಬಾರದೆಂಬ ನೆವ ಸಿಕ್ಕಿತು, ಮಲಗಿಯೇ ಇದ್ದೆ. ಮರುದಿನ ಅವಳ ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟೆ.

ಹಿರಿಯರೇ, ಓದದೆ ಒಪ್ಪಿಗೆ ಒತ್ತಿದ ನಿಮ್ಮ ಬೆರಳುಗಳೇ ಈ ಅಪ್ಪಣೆಗೆ ಧೈರ್ಯ ಕೊಟ್ಟವು. ಆದರೆ ಬೈಯುವ ಯೋಗ್ಯತೆ ನನಗಿಲ್ಲ. ನೀವು ತಿಳಿಯದೆ ಒಪ್ಪಿದಿರಿ, ನಾನು ತಿಳಿದೇ ಒಪ್ಪಿದೆ. ಬೇಡುವುದಿಷ್ಟೇ. ಹೊಸ ಜೋಡಣೆ ಬಂದಿದೆ ಎಂದು ನಿಮ್ಮ ಮೊಬೈಲು ಕೇಳಿದಾಗ, ಒತ್ತುವ ಮೊದಲು ಪಕ್ಕದಲ್ಲಿರುವವರ ಮುಖ ನೋಡಿರಿ.

ನೀಲಗಂಗಾ ಈಗಲೂ ಆಟಕ್ಕೆ ಮೊದಲು ನನಗೆ ಬಣ್ಣ ಹಚ್ಚುತ್ತಾಳೆ. ಕನ್ನಡಿಯಲ್ಲಿ ಅವಳ ತುಟಿಗಳು ದಿನವೂ ಒಂದೇ ಮಾತು ಆಡುತ್ತವೆ. ಕೇಳಿಸದಿದ್ದರೂ ಗುರುತು ಹಿಡಿಯುತ್ತೇನೆ. ಒಪ್ಪಿಗೆ.