ಅವಧಿ ಮೀರಿದ ಮೂರು ಕ್ರೆಡಿಟ್‌ಗಳು

ಜೋರಿವ್ಕಾ, ಆಲ್ಬರ್ಟಾ
ಶುಕ್ರವಾರ, ೨೬ ಜೂನ್ ೧೯೮೭

ಪ್ರೀತಿಯ ಓರಿಸ್ಯಾ,

ಇವತ್ತು ಪೇತ್ರ-ಪೌಲರ ಹಬ್ಬದ ಉಪವಾಸದ ಎರಡನೆಯ ಶುಕ್ರವಾರ. ಬೆಳಿಗ್ಗೆ ಎದ್ದು ಹಸು ಕರೆದೆ, ಉಪವಾಸದಲ್ಲಿ ನಾವು ಮುಟ್ಟದ ಹಾಲನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಂದೆ, ಕೋಳಿಗಳನ್ನು ಬಿಟ್ಟೆ, ಬೀಟ್‌ರೂಟ್ ಸಾಲಿನ ಕಳೆ ಕಿತ್ತೆ. ಈಗ ಮಾಂಸ ಹಾಕದ ಬೋರ್ಷ್, ಬರೀ ಬೀಟ್‌ರೂಟ್ ಸಾರು, ಒಲೆಯ ಮೇಲಿದೆ. ನಿನ್ನ ಭಾವ ಮೆಟ್ರೋ ಪಾತ್ರೆಯೊಳಗೆ ಇಣುಕಿ, "ಇದರಲ್ಲಿ ಮಾಂಸ ಈಜಿ ದಡ ಸೇರಿಬಿಟ್ಟಿದೆ ಕಣೇ" ಎಂದು ಗೊಣಗುತ್ತ ಹೊಲಕ್ಕೆ ಹೋದ. ನಿನ್ನ ಬೆನ್ನುನೋವು ಹೇಗಿದೆ? ಕಾಡ್ಗಿಚ್ಚು ಕಾಯುವ ಆ ಗೋಪುರದ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ, ನೆನೆದರೆ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಕರಡಿ ಬಂದಿತ್ತೆಂದು ಬರೆದಿದ್ದೆ. ಅದರ ಹತ್ತಿರ ಮಾತಿಗೆ ನಿಲ್ಲಬೇಡ. ಸುತ್ತ ಮನುಷ್ಯರಿಲ್ಲದಿದ್ದರೆ ನೀನು ಯಾರ ಹತ್ತಿರವಾದರೂ ಶುರುಮಾಡುವವಳು.

ಹೋದ ಗುರುವಾರ ನಾನು ಎಡ್ಮಂಟನ್ನಿಗೆ ಹೋಗಿದ್ದೆ. ವಿಶ್ವವಿದ್ಯಾಲಯದ ನಿನ್ನ ಸಸ್ಯವಿಭಾಗದಿಂದ ಫೋನು ಬಂದಿತ್ತು: ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ನಿವೃತ್ತರಾಗುತ್ತಿದ್ದಾರೆ, ಕೋಣೆ ಖಾಲಿ ಮಾಡಬೇಕು, ನಿಮ್ಮ ತಂಗಿಯ ಸಾಮಾನು ತೆಗೆದುಕೊಂಡು ಹೋಗಿ ಎಂದು. ಸಾಮಾನು ಎಂದರೆ ಒಂದು ಜೊತೆ ರಬ್ಬರ್ ಬೂಟು, ತೋಳು ಹರಿದ ಸ್ವೆಟರು. ಅಷ್ಟನ್ನು ಚೀಲಕ್ಕೆ ತುಂಬಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಡೋಣ ಎಂದುಕೊಂಡೆ. ಆ ಪ್ರೊಫೆಸರಮ್ಮ ಬಿಡಬೇಕಲ್ಲ. ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಿ ನನ್ನನ್ನು ಕೂರಿಸಿದರು. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಸೆಳೆಖಾನೆಗಳು. ಒಂದನ್ನು ಎಳೆದು, ನಿನ್ನ ಕೈಬರಹ ಇದ್ದ ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಪಾಚಿ. ಬೆರಳಲ್ಲಿ ತಿಕ್ಕಿದರೆ ನಶ್ಯದ ಹಾಗೆ ಪುಡಿಯಾಗುವಷ್ಟು ಒಣಗಿತ್ತು. "ನೋಡ್ತಾ ಇರಿ" ಎಂದು ಚಮಚದಲ್ಲಿ ನೀರು ಬಿಟ್ಟರು. ಓರಿಸ್ಯಾ, ಅದು ನನ್ನ ಕಣ್ಣೆದುರಿಗೇ ಮೈಮುರಿದು ಎದ್ದಿತು. ಮುದುಡಿದ್ದ ಎಲೆ ಒಂದೊಂದಾಗಿ ಬಿಡಿಸಿಕೊಂಡು ಹಸಿರಾಯಿತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಅವರು ನಕ್ಕು, "ಇದು ಬದುಕಿದೆ ಅಂತ ನಾನು ಹೇಳ್ತಾ ಇಲ್ಲಮ್ಮ, ಏಳು ವರ್ಷ ಆಯ್ತು. ಆದರೆ ಎಷ್ಟು ಸಲ ನೋಡಿದರೂ ನಂಗೂ ಮೈ ಜುಮ್ಮನ್ನತ್ತೆ" ಎಂದರು. ಅಷ್ಟು ಓದಿದವರು ಹೀಗೆ ಹೇಳಿದ್ದು ಕೇಳಿ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಆಮೇಲೆ ನನ್ನನ್ನು ಕೆಳಗಿನ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿ ಕೂರುವ ಶ್ರೀಮತಿ ದೆಲೋರ್ಮ್ ನಿನ್ನ ಹೆಸರು ಕೇಳಿದ್ದೇ, "ಓ, ನಮ್ಮ ಪಾಚಿ ಹುಡುಗಿ. ಎಲ್ಲಿ ಹಾರಿಹೋದಳು ಅವಳು?" ಎಂದಳು. ಅಮ್ಮನಿಗೆ ಲಕ್ವ ಹೊಡೆದಾಗ ಓದು ಬಿಟ್ಟು ಬಂದದ್ದು, ಅಮ್ಮ ತೀರಿಕೊಂಡ ಮೇಲೆ ಗೋಪುರ ಹತ್ತಿ ಕೂತದ್ದು ಎಲ್ಲ ಹೇಳಿದೆ. ಅವಳು ನನಗೊಂದು ಲೋಟ ಚಹಾ ಕೊಟ್ಟಳು. ಏಪ್ರಿಲ್‌ನಲ್ಲಿ ಹೊರಡುವಾಗ "ಆ ಎಂ.ಎಸ್ಸಿ. ಮಾತು ಎತ್ತಬೇಡ ಅಕ್ಕ, ಎಲ್ಲ ಮುಗಿದುಹೋಯ್ತು" ಎಂದಿದ್ದೆಯಲ್ಲ. ಮುಗಿದಿಲ್ಲ. ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವಳು ನಾನು. ಅಲ್ಲಿ ಕಲಿತದ್ದು ನಮ್ಮ ತಲೆಯಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವಿಶ್ವವಿದ್ಯಾಲಯದಲ್ಲಿ ಹಾಗಲ್ಲ ಎಂದು ದೆಲೋರ್ಮ್ ಬಿಡಿಸಿ ಹೇಳಿದಳು. ನೀನು ಒಂದು ಕೋರ್ಸು ಮುಗಿಸಿದರೆ ಪದವಿಯ ಲೆಕ್ಕಕ್ಕೆ ಸೇರುವ ಮೂರು ಕ್ರೆಡಿಟ್ ನಿನ್ನ ಹೆಸರಿನಲ್ಲಿ ಕೂತಿರುತ್ತವೆ. ನೀನು ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಾಗಲೂ, ಗೋಪುರದಲ್ಲಿ ದುರ್ಬೀನು ಹಿಡಿದು ಕೂತಿದ್ದಾಗಲೂ ಅವು ಅಲ್ಲೇ ಕೂತು ನಿನ್ನ ದಾರಿ ಕಾಯುತ್ತಿದ್ದವು. ನಾವು ಅಮ್ಮನ ಚಾಕರಿಯಲ್ಲಿ ಮರೆತುಬಿಟ್ಟದ್ದನ್ನು ಯಾರೂ ಕಾಣದ ಒಂದು ಕೈ ಜೋಪಾನವಾಗಿ ಇಟ್ಟಿತ್ತಲ್ಲ ಎಂದು ಅಲ್ಲೇ ಇನ್ನೊಮ್ಮೆ ಶಿಲುಬೆಯ ಗುರುತು ಹಾಕಿಕೊಂಡೆ.

ಆದರೆ ಅವಕ್ಕೂ ಆಯಸ್ಸಿದೆ. ಆರು ವರ್ಷ. ನಿನ್ನ ಉಳಿದ ಕೋರ್ಸುಗಳ ಕ್ರೆಡಿಟ್ ಈ ಡಿಸೆಂಬರಿನವರೆಗೆ ಊರ್ಜಿತ. ಮೊಟ್ಟಮೊದಲನೆಯದು, ಲಿಂಡ್‌ಕ್ವಿಸ್ಟ್ ಕಲಿಸಿದ ಜೌಗುನೆಲದ ಗಿಡಗಳ ಕೋರ್ಸು, ಅವಧಿ ಮೀರಿದೆ. ಆ ಮೂರು ಕ್ರೆಡಿಟ್ ಇಲ್ಲದೆ ಲೆಕ್ಕ ತುಂಬುವುದಿಲ್ಲ, ಲೆಕ್ಕ ತುಂಬದಿದ್ದರೆ ಬರುವ ಶರತ್ಕಾಲದಲ್ಲಿ ನಿನ್ನ ಹೆಸರು ತೆಗೆದುಹಾಕುತ್ತಾರೆ. ಒಂದೇ ದಾರಿ ಇದೆ. ಪಾಠ ಹೇಳಿದವರೇ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬಾಯಿಪರೀಕ್ಷೆ ಮಾಡಿ, ಇವಳಿಗೆ ಇನ್ನೂ ಇದು ಗೊತ್ತು ಎಂದು ಸಹಿ ಹಾಕಿದರೆ, ಹಳೆಯ ಕ್ರೆಡಿಟ್ ಮತ್ತೆ ಊರ್ಜಿತವಾಗುತ್ತದೆ. ಹೀಗೂ ಒಂದು ಕಾನೂನು ಮಾಡಿದ ಪುಣ್ಯಾತ್ಮರು ಯಾರೋ. ಲಿಂಡ್‌ಕ್ವಿಸ್ಟ್ ಜುಲೈ ಇಪ್ಪತ್ತಕ್ಕೆ ಸ್ವೀಡನ್ನಿನ ತಮ್ಮನ ಮನೆಗೆ ಹೊರಟುಹೋಗುತ್ತಾರೆ. ಜುಲೈ ಹತ್ತು, ಶುಕ್ರವಾರ, ನಿನಗಾಗಿ ಇಟ್ಟಿದ್ದಾರೆ. "ಅವಳು ಬರಲ್ಲ, ಮೊಂಡು" ಎಂದೆ. "ಮೊಂಡು ಅಂತ ನಂಗೊತ್ತಿಲ್ವಾ? ಸೊಂಟದ ತನಕ ಕೆಸರಲ್ಲಿ ಹೂತು ನಿಂತಿದ್ದಳು, ಪಾಚಿ ಸಿಗೋವರೆಗೂ ಹೊರಗೆ ಬರಲಿಲ್ಲ. ನಂಗೆ ಅಂಥವರೇ ಬೇಕು" ಎಂದರು. ಒಮ್ಮೆ ಲೆಕ್ಕ ತುಂಬಿದರೆ ಸಾಕಂತೆ, ಪ್ರಬಂಧವನ್ನು ಚಳಿಗಾಲದಲ್ಲಿ ಬರೆಯಬಹುದಂತೆ. ನನ್ನ ಅಡುಗೆಮನೆಯ ಮೇಜು ನಿನ್ನದು.

ಗೋಪುರ ಬಿಟ್ಟು ಇಳಿದರೆ ಕಾಡು ಕಾಯುವವರು ಯಾರು ಎನ್ನುತ್ತೀಯ, ಗೊತ್ತು. ಅಮ್ಮನ ವಿಷಯದಲ್ಲೂ ನೀನು ಹಾಗೇ ಹೇಳಿದ್ದೆ. ಆಗ ನನ್ನ ಮನೆಯಲ್ಲಿ ಮೂರು ಮಕ್ಕಳು, ನಾನು ಸುಮ್ಮನಾದೆ. ಈಗ ಮಕ್ಕಳು ದೊಡ್ಡವರಾಗಿದ್ದಾರೆ.

ಮೆಟ್ರೋ ನಮಸ್ಕಾರ ಹೇಳಿದ್ದಾನೆ. ದೇವಮಾತೆಯ ಹೊದಿಕೆ ಗುಡುಗು ಸಿಡಿಲಿನಲ್ಲಿ ನಿನ್ನ ಮೇಲೆ ಇರಲಿ.

ನಿನ್ನ ಅಕ್ಕ,
ಸ್ತೆಫಾನಿಯಾ

ಮರೆತ ಮಾತು: ನಿನಗೆ ರಜೆಯಾದಾಗ ಗೋಪುರ ಕಾಯುವ ಬದಲಿ ಕಾವಲುಗಾರ್ತಿಗೆ ಮದುವೆಯಂತೆ, ಹತ್ತು ದಿನಕ್ಕೆ ಯಾರೂ ಸಿಕ್ಕಿಲ್ಲವೆಂದು ಕೇಳಿ ಅರಣ್ಯ ಕಚೇರಿಗೆ ಹೋದೆ. ಸಾಹೇಬ ಮೆಕ್ರೇ "ಯಾಕಮ್ಮಾ, ಮೇಲೆ ಕೂತು ಜಪ ಮಾಡೋಕಾ?" ಎಂದ. "ಜಪ ಬಾಯಲ್ಲಿ ಮಾಡ್ತೀನಿ, ಕಣ್ಣು ಖಾಲಿ ಇರ್ತವೆ" ಎಂದೆ. ಎರಡು ದಿನ ರೇಡಿಯೋ ಕಲಿಸಿ, ಕಚೇರಿ ಹಿಂದಿನ ಅಭ್ಯಾಸದ ಗೋಪುರ ಹತ್ತಿಸಿದ. ಇಳಿದಾಗ ಮೊಣಕಾಲು ನಡುಗುತ್ತಿದ್ದುದು ಭಕ್ತಿಯಿಂದ ಎಂದು ಮೆಟ್ರೋಗೆ ಹೇಳಿದ್ದೇನೆ. ಕೆಲಸ ಕೊಟ್ಟಿದ್ದಾನೆ. ಜುಲೈ ಏಳರ ಮಂಗಳವಾರ ಸಾಮಾನಿನ ಹೆಲಿಕಾಪ್ಟರಿನಲ್ಲಿ ನಾನು ಬರುತ್ತೇನೆ. ಅದೇ ಸೀಟಿನಲ್ಲಿ ನೀನು ಕೂತು ಹೋಗು. ಹನ್ನೆರಡನೆಯ ತಾರೀಖು ಇಗರ್ಜಿಯಲ್ಲಿ ಪೇತ್ರ-ಪೌಲರ ಹಬ್ಬ, ಅದು ನನಗೆ ತಪ್ಪುತ್ತದೆ. ಪಾದ್ರಿ ಬೊಹ್ದಾನ್ ಅವರನ್ನು ಕೇಳಿದೆ, "ಪೇತ್ರ ಪೌಲರೇನು ಮನೇಲಿ ಕೂತವರಾ, ಹೋಗಿಬಾ" ಎಂದರು. ಹ್ಞೂಂ ಎಂದು ಒಂದು ಸಾಲು ಬರೆದು, ಈ ಕಾಗದ ತಂದ ಪೈಲಟ್ಟಿನ ಕೈಯಲ್ಲೇ ಕೊಡು. ಅವನು ಇಳಿಯುವ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ನಿಂತು ಅದನ್ನು ತಂದುಕೊಡು ಎಂದು ಮೆಟ್ರೋಗೆ ಹೇಳಿದ್ದೇನೆ.